ಕೋಗಿಲೆ ಕೇಳಿದ ಮಾದರಿ

ಕಾಡಿನ ಗ್ರಂಥಾಲಯದ ಗೋಡೆಯ ಮೇಲೆ ಅಲ್ಲಿನವರ ಕಥೆಗಳನ್ನು ಮೂಡಿಸಲು ಕಲಾವಿದರು ಬೇಕಾಗಿದ್ದರು. ಆಯ್ಕೆಯ ಹೊಣೆ, ಜನ್ಮದಲ್ಲಿ ಒಂದು ಗೂಡೂ ಕಟ್ಟದ ಕೋಗಿಲೆಯದು.

"ಪ್ರತಿಯೊಬ್ಬರೂ ಒಂದೊಂದು ಕಥೆಯನ್ನು ಮಾದರಿಗಾಗಿ ಗೋಡೆಯ ಮೇಲೆಯೇ ಮಾಡಿ ತೋರಿಸತಕ್ಕದ್ದು" ಎಂದು ಅದು ಅಪ್ಪಣೆ ಕೊಡಿಸಿತು.

ಗೀಜಗ ಮೂರು ದಿನ ಕೂತು ಮೊಲದಜ್ಜಿಯ ಕಥೆಯನ್ನು ಹುಲ್ಲಿನಲ್ಲಿ ನೇಯಿತು. ಜೇಡ, ಕಣಜ, ಎಲ್ಲರೂ ದುಡಿದರು. ಗೋಡೆ ತುಂಬಿತು.

"ಯಾರ ಕೆಲಸವೂ ಹಿಡಿಸಲಿಲ್ಲ. ಬೇಕಾದರೆ ಹೇಳಿ ಕಳಿಸುತ್ತೇವೆ. ಅಂದಹಾಗೆ, ನಾಳೆ ಈ ಗೋಡೆಯ ಉದ್ಘಾಟನೆ, ತಪ್ಪದೆ ಬಂದು ರೆಕ್ಕೆ ಬಡಿಯಿರಿ" ಎಂದಿತು ಕೋಗಿಲೆ.

ಗೀಜಗ ತನ್ನ ಹುಲ್ಲನ್ನು ಎಳೆ ಎಳೆಯಾಗಿ ಬಿಚ್ಚತೊಡಗಿತು. ಅದನ್ನು ನೋಡಿ ಜೇಡವೂ ನೂಲು ಸುತ್ತಿಕೊಂಡಿತು.

"ಇದೇನು ಮಾಡುತ್ತಿದ್ದೀರಿ?" ಎಂದು ಕೋಗಿಲೆ ಗಾಬರಿಯಾಯಿತು.

"ಹಿಡಿಸದ ಗೂಡನ್ನು ಬಿಚ್ಚಿಬಿಡುವುದು ನಮ್ಮ ಕುಲದ ಪದ್ಧತಿ, ಸ್ವಾಮಿ" ಎಂದಿತು ಗೀಜಗ. "ನಾಳೆಗೆ ತಾವೇ ಒಂದು ಮಾದರಿ ಮಾಡಿಡಿ. ಹಿಡಿಸಿದರೆ ಹೇಳಿ ಕಳಿಸುತ್ತೇವೆ."