ಸೈತಾನನ ಪುಸ್ತಕ ಬರೆದ ಗರಿ

ಇಬ್ಬರು ಸೇರಿದರೂ ಎತ್ತಲಾಗದಷ್ಟು ದೊಡ್ಡದೊಂದು ಪುಸ್ತಕವನ್ನು ಹೆಬ್ಬಾತಿನ ಗರಿಯೊಂದು ಕ್ರೈಸ್ತ ಮಠದ ಸನ್ಯಾಸಿಯ ಕೈಯಲ್ಲಿ ಕೂತು ಇಪ್ಪತ್ತು ವರ್ಷದಿಂದ ಬರೆಯುತ್ತಿತ್ತು. ಮೊಂಡಾದಾಗಲೆಲ್ಲ ತುದಿ ಕೆತ್ತಿಸಿಕೊಂಡು ಕೆತ್ತಿಸಿಕೊಂಡು ಈಗದು ಹೆಬ್ಬೆರಳಷ್ಟೇ ಉಳಿದಿತ್ತು.

ಒಂದು ಬೆಳಿಗ್ಗೆ ಕಾಗೆಯೊಂದು ಕಿಟಕಿಯಲ್ಲಿ ಬಂದು ಕೂತು ನಕ್ಕಿತು. "ಇದನ್ನು ಸೈತಾನ ಒಂದೇ ರಾತ್ರಿಯಲ್ಲಿ ಬರೆದನೆಂದು ಊರೆಲ್ಲ ಹೇಳುತ್ತಿದೆ. ನಿನ್ನ ಹೆಸರನ್ನು ಯಾರೂ ಎತ್ತುವುದಿಲ್ಲ. ಇನ್ನು ಯಾರಿಗಾಗಿ ಸವೆಯುತ್ತೀಯೆ?"

ಗರಿಗೆ ಚುರುಕ್ಕೆಂದಿತು. ಆದರೂ ಕೇಳಿತು: "ಆ ಸೈತಾನ ಕೊನೆಯ ಪುಟವನ್ನೂ ಬರೆದಿದ್ದಾನೆಯೇ?"

ಕಾಗೆ ಬಗ್ಗಿ ನೋಡಿತು. "ಇಲ್ಲ, ಅದು ಖಾಲಿಯಿದೆ."

"ಹಾಗಾದರೆ ಪಕ್ಕಕ್ಕೆ ಸರಿ, ಕಾಗಣ್ಣ. ಬೆಳಕಿಗೆ ಅಡ್ಡ ಕೂತಿದ್ದೀಯ" ಎಂದ ಗರಿ, ಕೆಂಪು ಮಸಿಯಲ್ಲಿ ಅದ್ದಿಕೊಂಡು ಆ ಪುಟದ ಮೊದಲ ಅಕ್ಷರ ಬರೆಯಿತು.