ಪಾಲಿಸಿ ನಂಬರಿನ ಖಾನೆ

ದಾವಣಗೆರೆಯ ತೆರಿಗೆ ಸಲಹೆಗಾರ ಉಮಾಪತಯ್ಯನವರ ಆಫೀಸಿನಲ್ಲಿ ಕೊಟ್ರೇಶಿ ಗುಮಾಸ್ತ. ನೌಕರರಿಗೆ ಆರೋಗ್ಯ ವಿಮೆ ಮಾಡಿಸಿ ಅಂತ ಅವನು ಕೇಳಿದಾಗಲೆಲ್ಲ ಸಾಹೇಬರು, "ನಿಮಗೇನ್ರೋ ದಾಡಿ? ಕಲ್ಲುಗುಂಡಿನ ಹಾಗಿದ್ದೀರಿ" ಅನ್ನುತ್ತಿದ್ದರು.

ಆ ವರ್ಷ ಆರೋಗ್ಯ ವಿಮೆಯ ತೆರಿಗೆ ನಿಯಮ ಬದಲಾಯಿತು. ನೌಕರರ ವಿಮೆಗೆ ವಿನಾಯಿತಿ ಬೇಕಾದರೆ ಮಾಲೀಕರು ಫಾರಂನಲ್ಲಿ ಪಾಲಿಸಿ ನಂಬರು ಬರೆಯಲೇಬೇಕು. ಇದನ್ನು ತಿಳಿಸಿಕೊಡಲು ಸಾಹೇಬರು ತಮ್ಮ ಗಿರಾಕಿಗಳಾದ ವರ್ತಕರನ್ನೆಲ್ಲ ಆಫೀಸಿಗೆ ಕರೆಸಿ, ಕೊಟ್ರೇಶಿಗೆ ಅಪ್ಪಣೆ ಮಾಡಿದರು: "ಹೊಸ ಫಾರಂ ತುಂಬಿ ತೋರಿಸು. ನಿಜವಾದ ಉದಾಹರಣೆ ಬೇಕು, ಕಟ್ಟುಕಥೆ ಬೇಡ."

ಕೊಟ್ರೇಶಿ ಬೋರ್ಡಿನ ಮೇಲೆ ಬರೆಯುತ್ತಾ ಓದಿದ. "ಮಾಲೀಕರು, ಉಮಾಪತಯ್ಯ. ನೌಕರರು, ನಾಲ್ವರು. ನೌಕರರ ಪಾಲಿಸಿ ನಂಬರು..." ಸಾಹೇಬರ ಕಡೆ ತಿರುಗಿದ. "ಏನಂತ ಬರೀಲಿ ಸರ್?"

ವರ್ತಕರಲ್ಲೊಬ್ಬನಾದ ಮಂಡಕ್ಕಿ ಭಟ್ಟಿಯ ಹಾಲಪ್ಪ ಕಿಸಕ್ಕನೆ ನಕ್ಕ. "ಏನ್ರೀ ಸ್ವಾಮಿ, ನಮಗೆಲ್ಲ ಬುದ್ಧಿ ಹೇಳ್ತೀರಿ, ನಿಮ್ಮಲ್ಲೇ ಖಾಲಿನಾ?"

ಸಾಹೇಬರ ಮುಖ ಬದನೆಕಾಯಿ ಬಣ್ಣಕ್ಕೆ ತಿರುಗಿತು. "ಮಾಡಿಸ್ತಾ ಇದ್ದೀನ್ರೀ! ಅರ್ಜಿ ಇನ್ನೂ ಕೈಗೆ ಬಂದಿಲ್ಲ, ಅಷ್ಟೇ."

"ಬಂದಿದೆ ಸರ್," ಅಂತ ಕೊಟ್ರೇಶಿ ತುಂಬಿಟ್ಟಿದ್ದ ಅರ್ಜಿಯನ್ನು ಮುಂದಿಟ್ಟು ಪೆನ್ನು ಕೊಟ್ಟ. ಸಾಹೇಬರು ಹಲ್ಲು ಕಚ್ಚಿಕೊಂಡು ಸಹಿ ಹಾಕಿದರು.

ಕೊಟ್ರೇಶಿ ಮೆಲ್ಲಗೆ ಹಾಳೆ ತಿರುವಿದ. "ಹಿಂದುಗಡೆಯೂ ಒಂದು ಸಹಿ ಸರ್. ಅದು ನಮ್ಮ ಹೆಂಡ್ರು ಮಕ್ಕಳಿಗೆ."