ಆಮೆಯ ದನಿ ಹೋಗಿ ಕಚ್ಚು ಬಂದದ್ದು

ಲೋಕ ಇನ್ನೂ ಹಸಿಹಸಿಯಾಗಿತ್ತು. ಯಾವ ಕಡೆ ಹರಿಯಬೇಕೆಂದು ಹೊಳೆಗೆ ಆಗಷ್ಟೇ ಗೊತ್ತಾಗಿತ್ತು. ಆಗ ಆಮೆಗೆ ದನಿಯಿತ್ತು. ಬಾಯಿ ಮಾತ್ರ ಎಳೆಗರುವಿನ ಬಾಯಿಯಂತೆ ಮೆತ್ತಗೆ. ಅದು ಯಾರನ್ನೂ ಕಚ್ಚುತ್ತಿರಲಿಲ್ಲ. ಕಚ್ಚಲು ಅದಕ್ಕೆ ಬರುತ್ತಲೂ ಇರಲಿಲ್ಲ.

ಆ ಹೊಳೆಯಲ್ಲಿ ಮಾಳವ್ವ ಎಂಬಾಕೆ ಹರಿಗೋಲು ಹಾಕಿ ಜನರನ್ನು ದಾಟಿಸುತ್ತಿದ್ದಳು. ಅವಳಿಗೆ ಸಿರಿ ಎಂಬ ಪುಟ್ಟ ಮಗಳು. ದಡದ ಆಮೆ ಮಾಳವ್ವನ ಗೆಳತಿ.

"ಮಾಳವ್ವಾ, ಮರಳಲ್ಲಿ ಮೊಟ್ಟೆ ಇಟ್ಟಿದ್ದೀನಿ. ಮರಿ ಹೊರಬರೋ ದಿನ ನೀನೂ ಇರು," ಎಂದಿತು ಆಮೆ.

"ಇರ್ತೀನಿ ಕಣೇ," ಎಂದಳು ಮಾಳವ್ವ.

ಆ ದಿನ ಬಂದಾಗ ಮಾಳವ್ವ ನಡುಹೊಳೆಯಲ್ಲಿದ್ದಳು. ಮರಿಗಳು ಮರಳಿನಿಂದೆದ್ದು ನೀರಿನತ್ತ ತೆವಳತೊಡಗಿದವು. ಮೇಲಿನಿಂದ ನೆರಳು ಬಿತ್ತು. ಹದ್ದು ಒಂದು ಮರಿಯನ್ನು ಎತ್ತಿಕೊಂಡು ಹೋಯಿತು.

ಆಮೆ ಕೂಗಿತು. ಗಾಳಿ ಕೇಳಿಸಿಕೊಂಡಿತು, ಬರಲಿಲ್ಲ. ಮತ್ತೆ ನೆರಳು ಬಿತ್ತು, ಮತ್ತೊಂದು ಮರಿ ಹೋಯಿತು. ಆಮೆ ಕೂಗಿತು. ಬಂಡೆ ಕೇಳಿಸಿಕೊಂಡಿತು, ಅಲುಗಲಿಲ್ಲ. ಮಾಳವ್ವ ಕೇಳಿಸಿಕೊಂಡು ಹುಟ್ಟು ಹಾಕಿದಳು, ತೋಳು ಬೀಳುವಷ್ಟು ಹಾಕಿದಳು. ಅವಳು ದಡ ಮುಟ್ಟುವಷ್ಟರಲ್ಲಿ ಉಳಿದದ್ದು ಒಂದೇ ಮರಿ. ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

"ಇರ್ತೀನಿ ಅಂದಿದ್ದೆ ನೀನು," ಎಂದಿತು ಆಮೆ.

ಮಾಳವ್ವನಿಗೆ ತಲೆ ಎತ್ತಲಾಗಲಿಲ್ಲ.

ಆಮೆ ಹೊಳೆಗಿಳಿಯಿತು. "ಹೊಳೆಯವ್ವಾ, ಎಷ್ಟು ಕೂಗಿದರೂ ಹೊತ್ತಿಗೆ ಯಾರೂ ಬರಲಿಲ್ಲ. ನನಗೂ ನನ್ನ ಕುಲಕ್ಕೂ ಈ ದನಿ ಬೇಡ. ಹಿಡಿದರೆ ಬಿಡದಂಥ ಬಾಯಿ ಕೊಡು."

"ಕೊಡ್ತೀನಿ ಮಗಳೇ," ಎಂದಿತು ಹೊಳೆ. "ಆದರೆ ನನ್ನ ನೀರೊಳಗೆ ಬಂದಾಗ ಆ ಬಾಯಿ ಸಡಿಲಬೇಕು. ಇಲ್ಲಿ ನಿನಗೆ ಭಯವಿಲ್ಲ."

ಹೊಳೆ ದನಿ ತೆಗೆದುಕೊಂಡಿತು. ಮೆತ್ತನೆಯ ತುಟಿಯನ್ನು ಕುಡುಗೋಲಿನಂತೆ ಮಸೆದುಕೊಟ್ಟಿತು.

ಮರುದಿನ ಹದ್ದು ಮತ್ತೆ ದಡಕ್ಕಿಳಿಯಿತು. ಆಮೆ ಅದರ ಕಾಲು ಕಚ್ಚಿತು. ಹದ್ದು ಮೇಲೇರಿತು, ಆಮೆ ಬಿಡಲಿಲ್ಲ. ಮುಗಿಲವರೆಗೂ ಏರಿತು, ಬಿಡಲಿಲ್ಲ. ಕೊನೆಗೆ ರೆಕ್ಕೆ ಸೋತು ಎರಡೂ ಬಂಡೆಯ ಮೇಲೆ ಬಿದ್ದು ಸತ್ತವು. ಸತ್ತ ಮೇಲೂ ಹಿಡಿತ ಹಾಗೇ ಇತ್ತು. ಮಾಳವ್ವ ಅಳುತ್ತ ಎರಡನ್ನೂ ಹೊಳೆಗೆ ಇಳಿಸಿದಳು. ನೀರು ಸೋಕಿದ ಮೇಲಷ್ಟೇ ಗೆಳತಿಯ ಬಾಯಿ ತೆರೆಯಿತು.

ಉಳಿದ ಮರಿಯನ್ನು ಅವಳು ಹೊಳೆನೀರು ತುಂಬಿದ ಮಣ್ಣಿನ ಬಾನಿಯಲ್ಲಿಟ್ಟು ಸಾಕಿದಳು. ಅದು ಅಂಗೈಯಗಲ ಬೆಳೆಯಿತು. ಒಂದು ಬೆಳಿಗ್ಗೆ ಅಂಗಳದಲ್ಲಿ ಬಿಸಿಲು ಕಾಯಿಸುತ್ತಿತ್ತು. ಸಿರಿ ಮುದ್ದಿಸಲೆಂದು ಮೇಲಿನಿಂದ ಕೈ ಚಾಚಿದಳು. ನೆರಳು ಬಿತ್ತು. ಆಮೆ ಕಚ್ಚಿತು.

"ಅವ್ವಾ! ಬಿಡಿಸೇ!"

ಮಾಳವ್ವ ಓಡಿಬಂದು ಎಳೆದಳು. ಎಳೆದಷ್ಟೂ ಹಿಡಿತ ಬಿಗಿಯಾಯಿತು, ಬೆರಳ ತುದಿ ಹರಿಯಿತು. ನೆರೆಮನೆಯ ಕರಿಯಜ್ಜ ಕಲ್ಲೆತ್ತಿಕೊಂಡು ಬಂದ. "ಆಚೆ ಸರಿಯೇ, ಜಜ್ಜಿಬಿಡ್ತೀನಿ!"

"ಬೇಡಜ್ಜಾ!" ಮಾಳವ್ವ ಎಳೆಯುವುದನ್ನು ಬಿಟ್ಟಳು. ಮಗಳ ಕೈಯನ್ನು ಆಮೆಯ ಸಮೇತ ಬಾನಿಯ ನೀರಿಗಿಳಿಸಿದಳು. "ಅಲುಗಬೇಡ ಕಂದಾ. ತಡ್ಕೋ. ಅದೇ ಬಿಡುತ್ತೆ."

ನೀರು ಕೆಂಪಾಯಿತು. ಕರಿಯಜ್ಜನ ಕೈಯಲ್ಲಿ ಕಲ್ಲು ಹಾಗೇ ಇತ್ತು. ಆಮೇಲೆ, ಮೆಲ್ಲಗೆ, ಬಾಯಿ ಸಡಿಲಿತು.

ಮಾಳವ್ವ ಗಾಯವನ್ನು ಚೆನ್ನಾಗಿ ತೊಳೆದು ಬಟ್ಟೆ ಕಟ್ಟಿದಳು. ಆ ಬೆರಳಿಗೆ ಮತ್ತೆ ಉಗುರು ಬರಲಿಲ್ಲ.

"ನಾನು ಮುದ್ದು ಮಾಡೋಕೆ ಹೋಗಿದ್ದೆ ಅವ್ವಾ," ಎಂದು ಬಿಕ್ಕಿದಳು ಸಿರಿ.

"ನನಗೆ ಗೊತ್ತು. ಅದಕ್ಕೆ ಹೇಗೆ ಗೊತ್ತಾಗಬೇಕು? ಅದರ ಒಡಹುಟ್ಟಿದವರನ್ನೆಲ್ಲ ಹದ್ದು ಮೇಲಿನಿಂದಲೇ ಬಂದು ಒಯ್ದಿತು. ಬೇಡ ಅನ್ನೋಕೆ ದನಿಯೂ ಇಲ್ಲ."

ಅಂದಿನಿಂದ ಸಿರಿ ಕೈಯಲ್ಲಿ ತಿನ್ನಿಸಲಿಲ್ಲ, ಕಡ್ಡಿಯ ತುದಿಗೆ ಸೊಪ್ಪು ಸಿಕ್ಕಿಸಿ ಕೊಟ್ಟಳು. ಎತ್ತಲೇಬೇಕಾದಾಗ ಪಕ್ಕದಿಂದ, ತಗ್ಗಿನಲ್ಲಿ ಕೈ ತಂದು ಬೆನ್ನಚಿಪ್ಪಿನ ಹಿಂಭಾಗ ಹಿಡಿದಳು. ಆಮೆ ಬಹುಕಾಲ ಬದುಕಿತು. ಆದರೂ ಅವಳನ್ನು ಪೂರ್ತಿ ನಂಬಲಿಲ್ಲ.

ಇವತ್ತಿಗೂ ನೀವು ಮೇಲಿನಿಂದ ಕೈ ಚಾಚಿದರೆ ಆಮೆ ಸದ್ದಿಲ್ಲದೆ ಕತ್ತು ಒಳಗೆಳೆದುಕೊಂಡು ಬಾಯಿ ತೆರೆಯುವುದು ಅದಕ್ಕೇ: ಅದರ ಕಣ್ಣಿಗೆ ನಿಮ್ಮ ಕೈ ಇನ್ನೂ ಹದ್ದೇ.